ಮಣಿಕಟ್ಟಿನ ಮೇಲಿನ ಗೆರೆಗಳು

ಹೊಳೆನರಸೀಪುರದಲ್ಲಿ ಪತ್ರ ಬರಹಗಾರರೊಬ್ಬರ ಅಂಗಡಿಯಲ್ಲಿ ನಾನು ಹದಿನಾಲ್ಕು ವರ್ಷದಿಂದ ಟೈಪ್ ಮಾಡುತ್ತಿದ್ದೇನೆ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಹೀಗೆ ಜಮೀನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಬೇಕಾಗುವ ಕಾಗದಗಳೆಲ್ಲ. ಮಾಲೀಕರು ಬಾಯಲ್ಲಿ ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ. ಸದರಿ, ಮೇಲ್ಕಂಡ, ವಂಶಪಾರಂಪರ್ಯವಾಗಿ ಎಂಬ ಮಾತುಗಳು ಅವರು ಹೇಳುವ ಮೊದಲೇ ನನ್ನ ಬೆರಳಿಗೆ ಬಂದಿರುತ್ತವೆ.

ಹಳೆಯ ಕಂಪ್ಯೂಟರು ಒಂದು ಸಿಡಿಲಿಗೆ ಸುಟ್ಟುಹೋಯಿತು. ಮಾಲೀಕರು ಹಾಸನಕ್ಕೆ ಹೋಗಿ ಲ್ಯಾಪ್‌ಟಾಪ್ ತಂದರು. ಬೆಳ್ಳಿ ಬಣ್ಣದ್ದು, ಪೂರ್ತಿ ಲೋಹದ ಮೈ. ಅದನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿದರು.

"ನೋಡವ್ವ, ರೊಟ್ಟಿ ಅಂಗೈತೆ. ತೂಕಾನೇ ಇಲ್ಲ ಕಣ."

ನಿಜವಾಗಿಯೂ ತೆಳ್ಳಗಿತ್ತು. ತೊಂದರೆ ಇದ್ದದ್ದೂ ಅಲ್ಲೇ. ಅದರ ಮುಂದಿನ ಅಂಚನ್ನು ಎಲ್ಲೂ ದುಂಡಗೆ ಮಾಡಿರಲಿಲ್ಲ. ಸ್ಟೀಲಿನ ಸ್ಕೇಲನ್ನು ನಿಲ್ಲಿಸಿದ ಹಾಗೆ ನೆಟ್ಟಗೆ ಕತ್ತರಿಸಿ ಬಿಟ್ಟಿದ್ದರು. ಟೈಪ್ ಮಾಡುವಾಗ ಮಣಿಕಟ್ಟು ಊರುವುದು ಸರಿಯಾಗಿ ಆ ಅಂಚಿನ ಮೇಲೆ. ಮೊದಲು ಕೀಲಿಮಣೆ ಇಡುತ್ತಿದ್ದ ಮೇಜಿನ ಕೆಳಗಿನ ಎಳೆಯುವ ಹಲಗೆಯ ಮೇಲೆ ಇದು ಹಿಡಿಸಲಿಲ್ಲ. ಮೇಜಿನ ಮೇಲೇ ಇಟ್ಟುಕೊಂಡೆವು. ನಾನು ಕುಳ್ಳಿ. ಕೈ ಎತ್ತಿ ಟೈಪ್ ಮಾಡಬೇಕಾಯಿತು, ಎತ್ತಿದ ಕೈಯ ಭಾರವೆಲ್ಲ ಆ ಅಂಚಿನ ಮೇಲೆ ಬೀಳತೊಡಗಿತು.

ಮೊದಲ ದಿನ ಸಂಜೆ ಬಸ್ಸಿನಲ್ಲಿ ಟಿಕೆಟ್ಟಿಗೆ ಕೈ ಚಾಚಿದಾಗ ನೋಡಿಕೊಂಡೆ. ಎರಡೂ ಮಣಿಕಟ್ಟಿನ ಒಳಮೈಯಲ್ಲಿ ಒಂದೊಂದು ಕೆಂಪು ಗೆರೆ. ಬಳೆ ಒತ್ತಿರಬೇಕು ಅಂದುಕೊಂಡೆ. ಮರುದಿನ ಬಳೆ ತೆಗೆದಿಟ್ಟು ಹೋದೆ. ಗೆರೆ ಮತ್ತೆ ಬಂತು, ಜೊತೆಗೆ ನೋವೂ.

ಇನ್ನೊಂದು ಕಾಟವೂ ಇತ್ತು. ಚಾರ್ಜಿಗೆ ಹಾಕಿದರೆ ಅದರ ಮೈ ಜುಮ್ ಅನ್ನುತ್ತಿತ್ತು. ಶಾಕ್ ಅಂತ ಕೈ ಕಿತ್ತುಕೊಳ್ಳುವಂಥದ್ದಲ್ಲ. ಚರ್ಮದ ಕೆಳಗೆ ಸಣ್ಣ ಇರುವೆ ಸಾಲಾಗಿ ಹೋದ ಹಾಗೆ. ಎಲೆಕ್ಟ್ರಿಷಿಯನ್ ಬಂದು ಟೆಸ್ಟರ್ ಇಟ್ಟು ನೋಡಿ, "ಅರ್ತ್ ಇಲ್ಲ ಕಣಕ್ಕ ಇಲ್ಲಿ. ಇದ್ರ ಪಿನ್ನೂ ಎರಡೇ. ಚಪ್ಲಿ ಹಾಕ್ಕಂಡು ಕೂತ್ಕೊ, ಏನಾಗಲ್ಲ" ಅಂದು ಹೋದ. ಚಪ್ಪಲಿ ಹಾಕಿಕೊಂಡೇ ಕೂತೆ. ಬೆಳಗ್ಗೆ ಮುಟ್ಟಿದರೆ ಕೊರೆಯುವ ತಣ್ಣಗೆ, ಮಧ್ಯಾಹ್ನದ ಹೊತ್ತಿಗೆ ಎಡಗೈ ಕೆಳಗೆ ಕಾವಲಿಯ ಬಿಸಿ.

ಯಾರಿಗೂ ಹೇಳಲಿಲ್ಲ. ಏನೆಂದು ಹೇಳುವುದು? ನಮ್ಮ ಅತ್ತಿಗೆ ಕೆಸರಿನಲ್ಲಿ ದಿನವಿಡೀ ಬಗ್ಗಿ ಪೈರು ನೆಡುತ್ತಾಳೆ. ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕೂತು ದುಡಿಯುವವಳು ಲ್ಯಾಪ್‌ಟಾಪಿನ ಅಂಚು ಚುಚ್ಚುತ್ತದೆ ಅಂದರೆ ಕೇಳಿದವರು ನಗುತ್ತಾರೆ.

ನಾಲ್ಕೈದು ತಿಂಗಳಾದ ಮೇಲೆ ನೋವು ನಿಂತಿತು. ವಾಸಿಯಾಯಿತು ಅಂದುಕೊಂಡೆ. ಒಂದು ದಿನ ಸಾರಿನ ಪಾತ್ರೆ ಇಳಿಸಿ ತಿರುಗಿದರೆ ಮಗಳು, "ಅಮ್ಮ, ಬೆರಳು!" ಎಂದು ಕೂಗಿದಳು. ಎಡಗೈ ಕಿರುಬೆರಳಿನ ಪಕ್ಕ ಬಿಳೀ ಗುಳ್ಳೆ ಎದ್ದಿತ್ತು. ಯಾವಾಗ ಸುಟ್ಟಿತೋ ಗೊತ್ತಾಗಿರಲಿಲ್ಲ. ಕಿರುಬೆರಳು, ಅದರ ಪಕ್ಕದ ಉಂಗುರದ ಬೆರಳಿನ ಅರ್ಧ, ಎರಡೂ ಯಾರದೋ ಬೆರಳಿನ ಹಾಗಿದ್ದವು. ಬಲಗೈಯೂ ಅದೇ ದಾರಿ ಹಿಡಿದಿತ್ತು.

ನಮ್ಮ ಟೈಪಿಂಗಿನಲ್ಲಿ ದೀರ್ಘಕ್ಕೂ ದೊಡ್ಡ ಳಕಾರಕ್ಕೂ ಕಿರುಬೆರಳಲ್ಲಿ ಶಿಫ್ಟ್ ಕೀಲಿ ಒತ್ತಿ ಹಿಡಿಯಬೇಕು. ನಾನು ಒತ್ತಿದೆ ಅಂದುಕೊಳ್ಳುತ್ತಿದ್ದೆ, ಬೆರಳು ಒತ್ತಿರುತ್ತಿರಲಿಲ್ಲ. ದಾನಪತ್ರ ದನಪತ್ರವಾಯಿತು. "ಯಾರಿಗವ್ವ ದನ ಕೊಡ್ತಾವ್ರೆ?" ಅಂತ ಮಾಲೀಕರು ನಕ್ಕು ತಿದ್ದಿಸಿದರು. ಆಮೇಲಾಮೇಲೆ ನಗುವುದನ್ನು ಬಿಟ್ಟರು.

ಆ ದಿನಗಳಲ್ಲೇ ಅಣ್ಣ ಬಂದ.

ನಮ್ಮ ತವರು ಹಳ್ಳಿಮೈಸೂರಿನ ಮಗ್ಗುಲಿನ ಹಳ್ಳಿ. ನಾವು ಇಬ್ಬರೇ ಮಕ್ಕಳು. ಅವ್ವ ಹೋಗಿ ಬಹಳ ವರ್ಷ, ಅಪ್ಪ ಹೋಗಿ ಒಂದೂವರೆ ವರ್ಷವಾಗಿತ್ತು. ಅಪ್ಪ ಹೋದಾಗ ನಾನು ಅಷ್ಟೇನೂ ಅತ್ತಿರಲಿಲ್ಲ. ಹನ್ನೊಂದನೆಯ ದಿನದ ಕೆಲಸ ಮುಗಿಸಿ ಮಾರನೆಯ ಬೆಳಗ್ಗೆ ಅಂಗಡಿಗೆ ಬಂದು ಕೂತಿದ್ದೆ. ಜಮೀನು ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು.

ಅಣ್ಣ ಗಿರಾಕಿಗಳ ಬೆಂಚಿನ ಮೇಲೆ ಕೂತು, ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ.

"ಖಾತೆ ನನ್ನೆಸ್ರಿಗೆ ಮಾಡಿಸ್ಬೇಕು ಕಣಮ್ಮಿ. ನಿನ್ನದೊಂದು ಹಕ್ಕು ಬಿಟ್ಟಿರೋ ಪತ್ರ ಬೇಕಂತೆ."

"ಊಂ," ಅಂದೆ.

"ಬ್ಯಾರೆಯವ್ರ ತಾವ ಯಾಕೆ? ನೀನೇ ಬರ್ದ್‌ಬುಡು. ನಿಂಗೆ ಗೊತ್ತಿರೋದೇ ಅಲ್ವಾ?"

ಗೊತ್ತಿರುವುದೇ. ತಂಗಿಯರು, ಅಕ್ಕಂದಿರು, ಕಂಕುಳಲ್ಲಿ ಮಗು ಎತ್ತಿಕೊಂಡವರು, ಹಲ್ಲಿಲ್ಲದ ಮುದುಕಿಯರು, ಎಷ್ಟೋ ಹೆಣ್ಣುಮಕ್ಕಳ ಬಿಡುಗಡೆ ಪತ್ರ ನಾನೇ ಟೈಪ್ ಮಾಡಿದ್ದೇನೆ. ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಹಣ ಪಡೆದು, ತವರಿನ ಸ್ವತ್ತಿನಲ್ಲಿ ನನಗಿರುವ ಸಕಲ ಹಕ್ಕನ್ನೂ ಬಿಟ್ಟುಕೊಟ್ಟಿರುತ್ತೇನೆ ಎಂಬ ಪತ್ರ. ನಮ್ಮ ಕಡೆ ಬರೆದುಕೊಡದವಳ ಬಗ್ಗೆ ಮಾತಾಡುತ್ತಾರೆ, ಬರೆದುಕೊಟ್ಟವಳ ಬಗ್ಗೆ ಯಾರೂ ಏನೂ ಅನ್ನುವುದಿಲ್ಲ. ನನಗೂ ಬೇರೆ ಯೋಚನೆ ಬಂದಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದೆ. ಅವರು ಅರಕಲಗೂಡು ಮಾರ್ಗದ ಬಸ್ಸಿನಲ್ಲಿ ಕಂಡಕ್ಟರು. "ನಿಮ್ಮಪ್ಪಂದು, ನಿನ್ನಿಷ್ಟ" ಅಂದರು. ಅಷ್ಟೇ.

ಮರುದಿನ ಮಧ್ಯಾಹ್ನ ಗಿರಾಕಿಗಳು ಕಡಿಮೆಯಿದ್ದಾಗ ಟೈಪ್ ಮಾಡಲು ಕೂತೆ. ಮಾಲೀಕರು ಹೇಳಿಕೊಡುವ ಅಗತ್ಯವಿರಲಿಲ್ಲ. ನನ್ನ ಹೆಸರು, ಅಪ್ಪನ ಹೆಸರು, ವಯಸ್ಸು, ವಾಸ. "ನಾನು ನನ್ನ ಸ್ವಂತ ಇಚ್ಛೆಯಿಂದ, ಯಾರ ಒತ್ತಾಯಕ್ಕೂ ಒಳಗಾಗದೆ" ಎಂದು ಟೈಪ್ ಮಾಡಿದೆ. ಏನಾದರೂ ಅನ್ನಿಸುತ್ತದೆಯೇ ಎಂದು ಒಂದು ಗಳಿಗೆ ಕೈ ನಿಲ್ಲಿಸಿದೆ. ಏನೂ ಅನ್ನಿಸಲಿಲ್ಲ. ಕೆಳಗೆ ಚೆಕ್ಕುಬಂದಿ ಬರೆಯಬೇಕು, ಅಂದರೆ ಜಮೀನಿನ ನಾಲ್ಕು ದಿಕ್ಕಿಗೆ ಏನೇನಿದೆ ಎಂಬುದು. ಪೂರ್ವಕ್ಕೆ ನಾಲೆ ಏರಿ, ಪಶ್ಚಿಮಕ್ಕೆ ದೊಡ್ಡಪ್ಪನ ಮಕ್ಕಳ ಗದ್ದೆ, ಉತ್ತರಕ್ಕೆ ಗಾಡಿ ದಾರಿ, ದಕ್ಷಿಣಕ್ಕೆ ಹಳ್ಳ. ಆ ನಾಲೆ ಏರಿಯ ಮೇಲೆ ಅಪ್ಪನಿಗೆ ಬುತ್ತಿ ಹೊತ್ತುಕೊಂಡು ನಡೆದಿದ್ದೆ. ಅದೂ ಬೇರೆ ಯಾರದೋ ಕಾಗದದಲ್ಲಿ ಓದಿದ ಹಾಗಿತ್ತು. ಬೆರಳುಗಳು ನಡೆಯುತ್ತಲೇ ಇದ್ದವು.

ಮಾಲೀಕರು ಕನ್ನಡಕ ಏರಿಸಿ ಪರದೆಯ ಮೇಲೆ ಓದಿದರು. ಓದುತ್ತ ಓದುತ್ತ ಕುರ್ಚಿ ಹತ್ತಿರ ಎಳೆದುಕೊಂಡರು.

"ಇದೇನವ್ವ, ಹಲ್ಲಿಮೈಸೂರು? ಮೂರು ಕಡೆ ಅಂಗೇ ಐತೆ. ನಾಲೆ ಅಲ್ಲ, ನಲೆ ಅಂತ ಮಾಡಿದ್ದೀಯ. ಹಳ್ಳಾನೂ ಹಲ್ಲ ಆಗೈತೆ. ನಿಮ್ಮಪ್ಪನ ಎಸ್ರೂ ತಪ್ಪು!"

ನಾನು ಪರದೆಗೆ ಬಗ್ಗಿ ನೋಡಿದೆ.

"ನಿಮ್ಮಪ್ಪನ ಎಸ್ರು ನೀನು ತಪ್ಪು ಬರಿಯಲ್ಲ. ಕೈಗೇನಾಗೈತೆ, ತೋರ್ಸು."

ತೋರಿಸಿದೆ. ಗೆರೆ ಈಗ ಕೆಂಪಗಿರಲಿಲ್ಲ, ಕಂದು ಬಣ್ಣಕ್ಕೆ ತಿರುಗಿ ಚರ್ಮ ದಡ್ಡುಗಟ್ಟಿತ್ತು. ಅವರು ಪೆನ್ನಿನ ತುದಿಯಿಂದ ಕಿರುಬೆರಳು ಚುಚ್ಚಿ, "ಇಲ್ಲಿ? ಇಲ್ಲಿ?" ಅಂತ ಕೇಳಿದರು. ನಾನು ಇಲ್ಲ, ಇಲ್ಲ ಅನ್ನುತ್ತಾ ಹೋದೆ. ಆಮೇಲೆ ನನ್ನನ್ನು ಎಬ್ಬಿಸಿ ತಾವೇ ಆ ಕುರ್ಚಿಯಲ್ಲಿ ಕೂತರು. ಎರಡು ಬೆರಳಲ್ಲಿ ಹುಡುಕಿ ಹುಡುಕಿ ಒಂದು ಪುಟ ಟೈಪ್ ಮಾಡುವ ಹೊತ್ತಿಗೆ ಅರ್ಧ ಗಂಟೆಯಾಯಿತು. ಕೈ ತಿರುಗಿಸಿ ನೋಡಿಕೊಂಡರು.

"ಕುಡ್ಲು ಕಣವ್ವ ಇದು, ಪೈರು ಕುಯ್ಯೋ ಕುಡ್ಲು. ಯಾವೋನು ಮಾಡಿದ್ನೋ, ಒಂದಿನ ಕೂತು ಟೈಪ್ ಮಾಡಿದ್ರೆ ಗೊತ್ತಾಯ್ತದೆ ಅವನ್ಗೆ." ಮಣಿಕಟ್ಟು ಉಜ್ಜಿಕೊಳ್ಳುತ್ತ, "ಇಷ್ಟು ದಿನ ಯಾಕ್ ಏಳ್ನಿಲ್ಲ?" ಅಂದರು.

"ಏನಂತ ಹೇಳ್ಲಿ ಸಾ?"

ಅವರು ಆ ಪತ್ರವನ್ನು ಪ್ರಿಂಟ್ ಮಾಡಲು ಬಿಡಲಿಲ್ಲ. "ಇವತ್ತು ಬ್ಯಾಡ. ನಾಳೆ ಆಸನಕ್ಕೋಗಿ ಡಾಕ್ಟ್ರಿಗೆ ತೋರ್ಸು" ಅಂದರು.

ಹಾಸನದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೊಣಕೈ ತಟ್ಟಿ, ಹತ್ತಿಯಿಂದ ಬೆರಳು ಸವರಿ, ವೈರು ಹಚ್ಚುವ ಪರೀಕ್ಷೆಯೊಂದನ್ನೂ ಮಾಡಿಸಿದರು. ಯಾವ ಕೆಲಸ, ಕೈ ಎಲ್ಲಿ ಊರುತ್ತೀರಿ ಎಂದು ಕೇಳಿ ತಮ್ಮ ಮೇಜಿನ ಅಂಚಿನ ಮೇಲೆ ನನ್ನ ಕೈ ಇಡಿಸಿದರು.

"ಕಿರುಬೆರಳಿಗೆ ಹೋಗೋ ನರ ಸರಿಯಾಗಿ ಇಲ್ಲೇ ಬರೋದು. ತಿಂಗಳುಗಟ್ಟಲೆ ಒತ್ತಿದ್ದೀರ. ಆರು ವಾರ ಟೈಪಿಂಗ್ ಬೇಡ. ವಾಪಸ್ ಬರುತ್ತೆ, ನಿಧಾನಕ್ಕೆ. ಪೂರ್ತಿ ಬರುತ್ತೋ ಇಲ್ವೋ ಈಗಲೇ ಹೇಳೋಕಾಗಲ್ಲ."

ಕೈಗೆ ಪಟ್ಟಿ ಕಟ್ಟಿಕೊಂಡು ಬಸ್ಸು ಹತ್ತಿದೆ. ಭಯವಾಗಬೇಕಿತ್ತು. ಕಿಟಕಿಯಾಚೆ ನೋಡುತ್ತಾ ಸಂಜೆಗೆ ಏನು ಸಾರು ಮಾಡುವುದು ಎಂದು ಯೋಚಿಸುತ್ತಿದ್ದೆ.

ಆರು ವಾರ ಅಂಗಡಿಯಲ್ಲಿ ಫೈಲು ಜೋಡಿಸಿದೆ, ಜೆರಾಕ್ಸ್ ತೆಗೆದೆ. ಮಾಲೀಕರು ಬೇರೆ ಕೀಲಿಮಣೆ ತಂದು ಎಳೆಯುವ ಹಲಗೆಯ ಮೇಲಿಟ್ಟರು. ಲ್ಯಾಪ್‌ಟಾಪನ್ನು ಎರಡು ಹಳೆ ರಿಜಿಸ್ಟರಿನ ಮೇಲೆ ಏರಿಸಿದರು. ಇನ್ನು ಟೈಪ್ ಮಾಡುವಾಗ ಅದರ ಅಂಚು ಮುಟ್ಟುವ ಪ್ರಮೇಯವೇ ಇರಲಿಲ್ಲ.

ಅಣ್ಣ ಫೋನ್ ಮಾಡಿದ.

"ಪತ್ರ ಏನಾಯ್ತಮ್ಮಿ?"

"ಬರ್ಯಕಾಗಲ್ಲ ಕಣಣ್ಣ. ಕೈ ಸರಿ ಇಲ್ಲ."

"ಅಂಗಾ? ಆಗ್ಲಿ, ವಾಸಿಯಾದ್ಮ್ಯಾಕೆ ಮಾಡಿವಂತೆ."

ಅವನು ಬೇರೆ ಅಂಗಡಿಗೆ ಹೋಗಬಹುದಿತ್ತು. ಹೋಗಲಿಲ್ಲ. ನನ್ನ ಕೈಗೆ ಕಾದ. ಅದು ಪ್ರೀತಿಯೋ, ಊರಿನವರಿಗೆ ತಂಗಿಯೇ ಬರೆದುಕೊಟ್ಟಳು ಅಂತ ಹೇಳುವುದಕ್ಕೋ ನನಗೆ ಈಗಲೂ ಗೊತ್ತಿಲ್ಲ. ಆ ಆರು ವಾರಗಳಲ್ಲಿ ಎರಡು ಬಿಡುಗಡೆ ಪತ್ರ ಬಂದವು. ಮಾಲೀಕರು ತಾವೇ ಟೈಪ್ ಮಾಡಿದರು, ನಾನು ಪಕ್ಕದಲ್ಲಿ ಸುಮ್ಮನೆ ಕೂತು ಆ ಹೆಂಗಸರನ್ನು ನೋಡಿದೆ. ಹದಿನಾಲ್ಕು ವರ್ಷ ಪರದೆ ನೋಡಿದ್ದೆನೇ ಹೊರತು ಅವರ ಮುಖ ನೋಡಿರಲಿಲ್ಲ. ಒಬ್ಬಳು ಹೆಬ್ಬೆಟ್ಟು ಒತ್ತಿ, ಮಸಿಯನ್ನು ಸೆರಗಿಗೆ ಒರೆಸಿಕೊಂಡು, "ಮುಗೀತಾ?" ಅಂತ ಕೇಳಿದಳು. ಮುಗಿಯಿತು ಅಂದರು. ಅವಳು ಮತ್ತೂ ಸ್ವಲ್ಪ ಹೊತ್ತು ಕೂತೇ ಇದ್ದಳು.

ಬಲಗೈಗೆ ಮೊದಲು ಸ್ಪರ್ಶ ಬಂತು. ಎಡಗೈಯಲ್ಲೂ ಉಂಗುರದ ಬೆರಳು ಸರಿಹೋಯಿತು. ಅಣ್ಣ ಮತ್ತೆ ಬಂದು ಅದೇ ಬೆಂಚಿನ ಮೇಲೆ ಕೂತ. ಮಾಲೀಕರು ಕಾಫಿ ತರಿಸಿದರು.

"ಈಗೆಂಗೈತೆ ಕೈ?"

"ವಾಸಿಯಾಗೈತೆ."

"ಅಂಗಾದ್ರೆ ಬರ್ದ್‌ಬುಡು."

"ಬರಿಯಲ್ಲ ಕಣಣ್ಣ," ಅಂದೆ.

ಆ ಮಾತು ಮೊದಲೇ ಯೋಚಿಸಿಟ್ಟದ್ದಲ್ಲ. ಅಂಗಡಿ ಬಾಗಿಲು ಎಷ್ಟು ಗಂಟೆಗೆ ಹಾಕುತ್ತೀರಿ ಅಂದರೆ ಹೇಳುವ ಹಾಗೆ ಹೇಳಿದ್ದೆ. ಅಣ್ಣ ನನ್ನ ಮುಖ ನೋಡಿದ, ಮಾಲೀಕರ ಮುಖ ನೋಡಿದ. ಮಾಲೀಕರು ಯಾವುದೋ ಫೈಲು ತಿರುವಿ ಹಾಕುತ್ತಿದ್ದರು.

"ನಿನ್ ಗಂಡ ಏಳ್ಕೊಟ್ನಾ?"

"ಇಲ್ಲ."

"ಮತ್ತೆ?"

ಮಸಿಯನ್ನು ಸೆರಗಿಗೆ ಒರೆಸಿಕೊಂಡು ಕೂತೇ ಇದ್ದ ಆ ಹೆಂಗಸಿನ ನೆನಪಾಯಿತು. ಅವನು ಕಾಫಿ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದು ಹೋದ. ಆ ವರ್ಷ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರಲಿಲ್ಲ. ಮಗಳು ಎರಡು ಸಲ ಬಾಗಿಲಿಗೆ ಹೋಗಿ ಬಂದಳು.

ಸುಗ್ಗಿ ಮುಗಿದ ಮೇಲೆ ಅತ್ತಿಗೆ ಫೋನ್ ಮಾಡಿ, ವಿಭಾಗಪತ್ರ ಸಿದ್ಧವಾಗಿದೆ, ಗುರುವಾರ ನೋಂದಣಿ ಕಚೇರಿಗೆ ಬಾ ಅಂದಳು. ನನ್ನ ಸಹಿ ಇಲ್ಲದೆ ಖಾತೆ ಆಗುವಂತಿರಲಿಲ್ಲ, ಅಣ್ಣ ಇನ್ನೊಂದು ಅಂಗಡಿಯಲ್ಲಿ ಬರೆಸಿದ್ದ. ಗದ್ದೆಯೆಲ್ಲ ಅವನಿಗೆ. ಗಾಡಿ ದಾರಿಯ ಕಡೆಯ ಹದಿನಾರು ಗುಂಟೆ ಖುಷ್ಕಿ ನನಗೆ, ಅಂದರೆ ನೀರಿಲ್ಲದ ನೆಲ. ನಾನು ಓದಿದೆ. ಕಾನೂನಿನ ಪ್ರಕಾರ ನನಗೆ ಬರಬೇಕಾದದ್ದಕ್ಕಿಂತ ಬಹಳ ಕಡಿಮೆ. ಚೆಕ್ಕುಬಂದಿ ಮಾತ್ರ ಸರಿಯಾಗಿತ್ತು, ತಪ್ಪಿಲ್ಲದ ಟೈಪಿಂಗು. ಒಪ್ಪಿದೆ.

ಕಚೇರಿಯಲ್ಲಿ ಒಂದು ಗಂಟೆ ಒಂದೇ ಬೆಂಚಿನಲ್ಲಿ ಕೂತೆವು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ನನ್ನ ಎಡಗೈ ಕಿರುಬೆರಳಿನ ತುದಿ ಇನ್ನೂ ಮರಗಟ್ಟಿಕೊಂಡೇ ಇತ್ತು, ಇವತ್ತಿಗೂ ಇದೆ. ನಮ್ಮ ಸರದಿ ಬಂದಾಗ ಕ್ಯಾಮೆರಾ ಮುಂದೆ ನನ್ನನ್ನು ಮೊದಲು ನಿಲ್ಲಿಸಿದರು. ಹೆಬ್ಬೆರಳು ಇಡಿ, ಬ್ಯಾಗು ಕೆಳಗಿಡಿ ಅಂದರು. ನೆಲ ಒದ್ದೆಯಾಗಿತ್ತು, ಇಡಲು ಜಾಗ ಹುಡುಕಿದೆ. ಅಣ್ಣ ನನ್ನ ಕಡೆ ನೋಡದೆ ಕೈ ಚಾಚಿ ಬ್ಯಾಗು ಇಸಿದುಕೊಂಡ. ನನ್ನ ಫೋಟೋ, ಹೆಬ್ಬೆಟ್ಟು, ಸಹಿ ಎಲ್ಲ ಮುಗಿಯುವವರೆಗೂ ಅದನ್ನು ಎದೆಗೆ ಒತ್ತಿ ಹಿಡಿದುಕೊಂಡು ನಿಂತಿದ್ದ.