ಮೆಂತ್ಯ ಮೆತ್ತಿದ ಟಂಟಂ

ಬಸವಕಲ್ಯಾಣದಿಂದ ಮುಡಬಿಗೆ ಹೋಗುವವರು ನಂಬರು ನೋಡದೆ, ಬರೀ ಗಾಡಿಯ ಮುಖ ನೋಡಿ ಹತ್ತುತ್ತಿದ್ದ ಕಾಲ ಅದು. ನಮ್ಮಪ್ಪನ ಟಂಟಂ ಆ ದಾರಿಯವರಿಗೆಲ್ಲ ಗೊತ್ತಿತ್ತು. ಸಾದಾ ಆಟೊಗಿಂತ ಉದ್ದ, ಹಿಂದೆ ಎದುರುಬದುರು ಕೂರುವ ಸೀಟು, ಮೇಲೆ ಹಳದಿ ಟಪ್ಪು. ಒಳಗೆ ಡೀಸೆಲ್ಲು, ಬೀಡಿ, ಸಂತೆಯ ಹಸಿ ಕೊತ್ತಂಬರಿ, ಮೂರೂ ಕೂಡಿದ ಒಂದು ವಾಸನೆ.

ಆ ಬೇಸಿಗೆಯಲ್ಲಿ ಅದರ ಇಂಜಿನ್ನು ದಿನ ಬಿಟ್ಟು ದಿನ ಕೈಕೊಡತೊಡಗಿತು. ರಜೆ ಮುಗಿಯುವುದರೊಳಗೆ ಹುಮನಾಬಾದಿನ ಗುಜರಿಯವನಿಗೆ ಕೊಟ್ಟುಬಿಡುವುದೆಂದು ಅಪ್ಪ ನಿರ್ಧರಿಸಿದ. ಆ ಮಾತು ಹೇಳಿದ ದಿನ ತಾಟಿನಲ್ಲಿ ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದ. ನಮ್ಮ ಮನೆಯಲ್ಲಿ ಆಗ ಕ್ಯಾಮೆರಾ ಇರುವ ಫೋನೂ ಇರಲಿಲ್ಲ, ಆ ಗಾಡಿಯದೊಂದು ಫೋಟೊ ಸಹ ಇರಲಿಲ್ಲ.

"ಅಪ್ಪಾ, ಅದು ಹೋಗೋದ್ರೊಳಗ ಥೇಟ ಅದರಂಥದ್ದೇ ಸಣ್ಣದೊಂದು ಮಾಡಿ ಕೊಡ್ತೀನಿ. ಮನ್ಯಾಗ ಇರ್ಲಿ" ಎಂದಳು ಅಕ್ಕ.

"ಮಾಡವ್ವಾ" ಎಂದ ಅಪ್ಪ. ನಂಬಿರಲಿಲ್ಲ.

ನಮ್ಮಕ್ಕನ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಕೊಚ್ಚಿಕೊಳ್ಳುತ್ತೇನೆಂದು ಮನೆಯವರ ದೂರು. ಇರಲಿ ಬಿಡಿ. ಆಗ ಅವಳು ಏಳನೇ ಇಯತ್ತೆ, ನಾನು ನಾಲ್ಕನೇದು. ನನ್ನದೇ ಪ್ಲಾಸ್ಟಿಕ್ ಆಟೊ ಒಂದಿತ್ತು. ಅದನ್ನು ನನ್ನ ಕಣ್ಣೆದುರೇ ಹೆಕ್ಸಾ ಬ್ಲೇಡಿನಿಂದ ನಡುವೆ ಕೊಯ್ದು ಎರಡು ಮಾಡಿದಳು. ನಾನು ಅತ್ತೆ. "ಅಳಬ್ಯಾಡ, ಉದ್ದ ಆಗಾಕತ್ತದ" ಎಂದಳು. ಎರಡು ತುಂಡುಗಳ ನಡುವೆ ಸಾಬೂನಿನ ಡಬ್ಬಿ ಕೂರಿಸಿದಾಗ ಟಂಟಂನ ಆಕಾರವೇನೋ ಬಂತು. ಆದರೆ ಕೂಡಿಸಿದ ಎರಡೂ ಕಡೆ ಬೆರಳು ಹೋಗುವಷ್ಟು ಸಂದು. ಅದನ್ನು ತುಂಬದಿದ್ದರೆ ಅದು ಗಾಡಿಯಲ್ಲ, ಮುರಿದ ಆಟಿಕೆ.

ಸಂದಿಗೆ ಏನು ತುಂಬುವುದು? ನಳ ಸೋರಿದರೆ ಎರಡು ಉಂಡೆ ಕಲಸಿ ಹಚ್ಚುತ್ತಾರಲ್ಲ, ಆ ಸೀಲು ಅಂಗಡಿಯಲ್ಲಿತ್ತು. ಅಷ್ಟು ಸಂದಿಗೆ ಅದು ಎಷ್ಟು ರೂಪಾಯಿಯದು ಬೇಕಾದೀತು ಎಂದು ಕೇಳಿಯೇ ಅವ್ವ ತಲೆ ಅಲ್ಲಾಡಿಸಿದಳು. ಜೋಳ ಉಣ್ಣುವ ಮಂದಿಗೆ ಮೊದಲು ಹೊಳೆಯುವುದು ಜೋಳವೇ. ಗಾಳಿಪಟ ಅಂಟಿಸಲು ಮಾಡುವ ಜೋಳದ ಹಿಟ್ಟಿನ ಸರಿಯನ್ನೇ ಗಟ್ಟಿಯಾಗಿ ಕಾಯಿಸಿ ಮೆತ್ತಿದೆವು, ಬಿಸಿಲಿಗೆ ಒಣಗಲು ಅಂಗಳದಲ್ಲಿಟ್ಟು ಊಟಕ್ಕೆ ಹೋದೆವು. ಕೈ ತೊಳೆದು ಬರುವಷ್ಟರಲ್ಲಿ ಹಿಂದಿನ ಮನೆಯ ಕೋಳಿ ಒಂದು ಕಡೆಯದನ್ನು ಪೂರ್ತಿ ತಿಂದು ಇನ್ನೊಂದು ಕಡೆಗೆ ಬಾಯಿ ಹಾಕಿತ್ತು. ನಮ್ಮಪ್ಪನ ಟಂಟಂ ಕೋಳಿ ತಿಂತು ಎಂದು ಓಣಿಯೆಲ್ಲ ನಕ್ಕಿತು.

ಮೇಣದಬತ್ತಿ ಕರಗಿಸಿ ಸುರಿದೆವು. ನಮ್ಮ ಕಡೆಯ ಬಿಸಿಲು ಕೇಳಬೇಕೆ, ಮಧ್ಯಾಹ್ನದೊಳಗೆ ಹರಿದು ಗಾಲಿಗೆ ಬಂತು. ಹೊಸ ಮನೆ ಕಟ್ಟುತ್ತಿದ್ದವರಿಂದ ಗೋಡೆಯ ಪುಟ್ಟಿ ಬೇಡಿ ತಂದೆವು. ಅದು ಒಣಗಿ ನುಣ್ಣಗೆ ಕಂಡಿತು, ಗಾಡಿ ಎತ್ತಿದ ಕೂಡಲೇ ಹಪ್ಪಳದಂತೆ ಮುರಿದು ಉದುರಿತು. ಅಷ್ಟರಲ್ಲಿ ಗುಜರಿಯವನು ಬರಹೇಳಿದ ವಾರ ಬಂದೇಬಿಟ್ಟಿತ್ತು.

ಆಯಿ, ಅಂದರೆ ಅಪ್ಪನ ಅವ್ವ, ಅಂದು ಪಡಸಾಲೆಯಲ್ಲಿ ಹೊಸ ಮೊರಕ್ಕೆ ಮೆಂತ್ಯ ಬಳಿಯುತ್ತಿದ್ದಳು. ಬಿದಿರಿನ ಸಂದಿಯಲ್ಲಿ ಕಾಳು ಸೋರದಂತೆ, ನೆನೆಸಿದ ಕಾಗದ ಮತ್ತು ಮೆಂತ್ಯ ರುಬ್ಬಿ ಮೆತ್ತುವುದು ನಮ್ಮಲ್ಲಿ ರೂಢಿ. ಮನೆಯೆಲ್ಲ ಅದರ ಕಹಿ ವಾಸನೆ. ಅಕ್ಕ ಸುಮ್ಮನೆ ನೋಡುತ್ತ ನಿಂತವಳು ಹೋಗಿ ಒಂದು ಹಿಡಿ ಎತ್ತಿಕೊಂಡಳು.

"ಏ ಹುಡುಗಿ! ಮೊರಕ್ಕ ಕಲಸಿದ್ದು ಗೊಂಬಿಗಿ ಹಚ್ಚಾಕತ್ತೀಯೇನ? ನಾ ಜ್ವಾಳ ಹ್ಯಾಂಗ ಕೇರ್ಲಿ?"

"ಗೊಂಬಿ ಅಲ್ಲ ಆಯಿ. ನಿನ್ನ ಮಗನ ಗಾಡಿ."

ಆಯಿ ಕಲಸಿದ ಬೋಗುಣಿಯನ್ನೇ ಅವಳ ಕಡೆ ಸರಿಸಿದಳು. ಅಕ್ಕ ಒಂದು ಚೂರನ್ನು ಮೊದಲು ಆ ಕೋಳಿಗೇ ಹಾಕಿದಳು. ಅದು ಒಮ್ಮೆ ಕುಕ್ಕಿ, ತಲೆ ಕೊಡವಿ ಹೊರಟುಹೋಯಿತು. "ಪಾಸಾತು" ಎಂದಳು. ಪ್ಲಾಸ್ಟಿಕ್ಕಿನ ಅಂಚನ್ನು ಹಿಡಿತ ಸಿಗಲೆಂದು ಉಸುಕು ಕಾಗದದಿಂದ ಉಜ್ಜಿದಳು, ಬಡಿಗರ ಬಿಳಿ ಅಂಟು ಸ್ವಲ್ಪ ಬೆರೆಸಿದಳು. ಒಮ್ಮೆಲೇ ದಪ್ಪ ತುಂಬಿದರೆ ಒಣಗಿ ಬಿರಿಯುತ್ತದೆಂದು ತೆಳ್ಳಗೆ ಒಂದರ ಮೇಲೊಂದು ಬಳಿದಳು. ಇದನ್ನೆಲ್ಲ ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಬಾಗಿಲಿಗೆ ಹಚ್ಚಿ ಉಳಿದ ಬಣ್ಣ ಬಳಿದ ಮೇಲೆ ಎಲ್ಲಿ ಕೊಯ್ದದ್ದು, ಎಲ್ಲಿ ಕೂಡಿಸಿದ್ದು ಎಂದು ನನಗೇ ತಿಳಿಯಲಿಲ್ಲ.

ಅಪ್ಪ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

"ಭಾಳ ಚಂದ ಆಗ್ಯಾದವ್ವಾ. ಆದ್ರ ನಂದು ಇಷ್ಟು ಚಂದ ಇಲ್ಲಲ್ಲ. ಎಡಕಿನ ತಗ್ಗು ಎಲ್ಲದ?"

ಮುಡಬಿಯ ಸ್ಟ್ಯಾಂಡಿನಲ್ಲಿ ಯಾರದೋ ಎತ್ತಿನ ಬಂಡಿಯ ನೊಗ ಬಡಿದು ಆಗಿದ್ದ ತಗ್ಗು ಅದು. ಸಂದು ತುಂಬುವ ಹುರುಪಿನಲ್ಲಿ ಅಕ್ಕ ಎಲ್ಲವನ್ನೂ ನುಣ್ಣಗೆ ಮಾಡಿಬಿಟ್ಟಿದ್ದಳು. ಅವಳ ಮುಖ ಸಣ್ಣದಾಯಿತು. ಆದರೆ ಅಳಲಿಲ್ಲ. ಆ ತಗ್ಗು ಬರಬೇಕಾದದ್ದು ಸಂದು ತುಂಬಿದ ಜಾಗದಲ್ಲೇ. ಅಲ್ಲಿಯ ಬಣ್ಣ ಕೆರೆದು, ಹಸಿ ಅರಿವೆ ಇಟ್ಟು ನೆನೆಸಿ, ಮೆತ್ತಗಾದ ಮೇಲೆ ಚಮಚದ ಬೆನ್ನಿನಿಂದ ಒತ್ತಿದಳು. ಅಂಗಡಿಯ ಸೀಲಾಗಿದ್ದರೆ ಕಲ್ಲಾಗಿರುತ್ತಿತ್ತು, ಕೈಗೆ ಬಗ್ಗುತ್ತಿರಲಿಲ್ಲ. ನಮ್ಮ ಬಡ ಮೆಂತ್ಯ ಬಗ್ಗಿತು. ಅಪ್ಪ ಆ ತಗ್ಗಿನ ಮೇಲೆ ಹೆಬ್ಬೆರಳು ಆಡಿಸಿ "ಈಗ ಬರೋಬರ್" ಎಂದ.

ಅಪ್ಪ, ಅಕ್ಕ, ನಾನು ಮೂವರೂ ಟಂಟಂನಲ್ಲೇ ಹುಮನಾಬಾದಿಗೆ ಹೋಗಿ, ಅದನ್ನು ಅಲ್ಲಿ ಬಿಟ್ಟು ಬಸ್ಸಿಗೆ ಬಂದೆವು. ಸಣ್ಣ ಗಾಡಿ ಅಪ್ಪನ ತೊಡೆಯ ಮೇಲಿತ್ತು. ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಎದುರು ಸೀಟಿನ ಮುದುಕಿ ಬಗ್ಗಿ ನೋಡಿದಳು.

"ಇದು ನಮ್ಮ ಮುಡಬಿಗಿ ಬರೋ ಶಿವರಾಯನ ಗಾಡಿ ಅಲ್ಲೇನ? ತಗ್ಗು ನೋಡಿದ್ರ ಗೊತ್ತಾತು. ಅಯ್ಯ, ನೀನೇ ಏನಪಾ!"

ಅಪ್ಪ ತಟ್ಟನೆ ಎದ್ದು ನಿಂತ. "ಹೌದ್ರಿ ಯವ್ವಾ. ನನ್ನ ಮಗಳು ಮಾಡ್ಯಾಳ್ರಿ!" ಆಮೇಲೆ ಕಂಡಕ್ಟರನಿಗೆ ಹೇಳಿದ, ಅವನು ಟಿಕೇಟು ಮಾತ್ರ ಕೇಳಿದ್ದ. ಕಲ್ಯಾಣದಲ್ಲಿ ಇಳಿಯುವತನಕ ಹತ್ತಿದವರಿಗೂ ಇಳಿದವರಿಗೂ ಹೇಳಿದ. ಅಕ್ಕ ನಾಚಿ ನನ್ನ ಹಿಂದೆ ಮುಖ ಮುಚ್ಚಿಕೊಂಡಳು. ನಾನು ಮಾತ್ರ ಎದೆ ಉಬ್ಬಿಸಿ ಕೂತಿದ್ದೆ.

ಈಗ ಸಂದು ತುಂಬುವ ಪುಟ್ಟಿ ಬೇಕಾದ ನಮೂನೆಯದು ಮನೆ ಬಾಗಿಲಿಗೆ ಬರುತ್ತದೆ. ಅಕ್ಕ ಕಲಬುರಗಿಯಲ್ಲಿ ಕಟ್ಟಡಗಳ ಸಣ್ಣ ಮಾದರಿ ಮಾಡಿ ಕೊಡುತ್ತಾಳೆ, ಇಂಜಿನಿಯರುಗಳು ಅವಳ ಮನೆ ಹುಡುಕಿಕೊಂಡು ಬರುತ್ತಾರೆ. ಮುಡಬಿಯ ಸ್ಟ್ಯಾಂಡಿನಲ್ಲಿ ಎಲ್ಲ ಗಾಡಿಗಳೂ ಹೊಸವು, ಯಾವುದು ಯಾರದೆಂದು ಯಾರೂ ಕೇಳುವುದಿಲ್ಲ. ಅಪ್ಪ ತೀರಿಕೊಂಡು ಎರಡನೇ ಬೇಸಿಗೆ ಇದು. ಮೊನ್ನೆ ಅಕ್ಕ ಮಾಡಿದ ಒಂದು ಮಾದರಿಯನ್ನು ತೊಡೆಯ ಮೇಲಿಟ್ಟುಕೊಂಡು ಹುಮನಾಬಾದಿನ ಬಸ್ಸಿನಲ್ಲಿ ಬರುತ್ತಿದ್ದೆ. ಪಕ್ಕದವರು ಕೇಳಿರಲಿಲ್ಲ, ಆದರೂ ತಿರುಗಿ ಹೇಳಿದೆ, "ನಮ್ಮಕ್ಕ ಮಾಡ್ಯಾಳ್ರಿ." ಅವರು ಚಂದ ಅದ ಎಂದರು. ಆದರೆ ಎದ್ದು ನಿಂತು, ಬಸ್ಸಿಗೆಲ್ಲ ಕೇಳುವಂತೆ ಹೇಳಲು ನನಗೆ ಬರಲಿಲ್ಲ.