ಮೀಸೆಯೂ ಬಳೆಯೂ ಇದ್ದ ವೀರಗಲ್ಲು

ಎಪ್ಪತ್ತರ ದಶಕದಲ್ಲಿ ಹಳೆಯ ಕಲ್ಲುಗಳ ಪಕ್ಕ ನೆಡುವ ಬೋರ್ಡು ಬರೆಯುವುದು ನನ್ನ ಸರ್ಕಾರಿ ಕೆಲಸ. ನಿಟ್ಟೂರಿನ ಹತ್ತಿರ ಒಂದು ವೀರಗಲ್ಲು ನನ್ನ ಕುಂಚವನ್ನೇ ನಿಲ್ಲಿಸಿತು. ಊರು ಕಾಯಲು ಹೋರಾಡಿ ಸತ್ತ ಯಾರದೋ ನೆನಪಿನ ಕಲ್ಲು. ಕುದುರೆ ಏರಿದ ಆ ಆಕೃತಿಗೆ ಹುರಿ ಮೀಸೆ, ಹೆಣ್ಣಿನ ಎದೆ, ಕೈತುಂಬ ಬಳೆ.

ಜೊತೆಗಿದ್ದ ಸಾಹೇಬರು ರೇಗಿದರು. “ವೀರ ಅಂತ ಬರೀರಿ, ಇಲ್ಲ ವೀರವನಿತೆ ಅಂತ ಬರೀರಿ. ಎರಡರಲ್ಲಿ ಒಂದು!”

ತಪ್ಪು ಬರೆದರೆ ಊರವರು ಬೋರ್ಡು ಕೀಳುತ್ತಾರೆ. ಬರೆಯದಿದ್ದರೆ ಸಾಹೇಬರು ನನ್ನ ನೌಕರಿ ಕೀಳುತ್ತಾರೆ. ಕಲ್ಲಿಗೆ ಹೂವಿಡಲು ಬಂದ ಅಜ್ಜಿಯನ್ನು ಕೇಳಿದೆ: “ಅಜ್ಜಿ, ಇದು ಗಂಡಾ, ಹೆಣ್ಣಾ?”

“ಯಾರಿಗ್ ಗೊತ್ತು ಮಾರಾಯ? ನಾವು ಸೀರೆನೂ ಉಡಿಸ್ತೀವಿ, ರುಮಾಲೂ ಸುತ್ತೀವಿ. ಯಾವ್ದೂ ಬೇಡ ಅಂದಿಲ್ಲ. ಬೇಡಿದ್ದು ಮಾತ್ರ ಕೊಟ್ಟೇ ಕೊಡ್ತದೆ.”

ಕೊನೆಯ ಮಾತು ಕಿವಿಗೆ ಬಿದ್ದದ್ದೇ ಸಾಹೇಬರು ಚಪ್ಪಲಿ ಕಳಚಿದರು. ಕೈಮುಗಿದು, “ಅಪ್ಪನಾದರೂ ಆಗಿರು, ಅಮ್ಮನಾದರೂ ಆಗಿರು, ನನ್ನನ್ನು ಮೈಸೂರಿಗೆ ವರ್ಗ ಮಾಡಿಸು” ಎಂದು ಗೊಣಗಿದ್ದು ನನಗೂ ಕೇಳಿಸಿತು. ಆಮೇಲೆ ಮೆತ್ತಗೆ, “ಬರೀ ವೀರಗಲ್ಲು ಅಂತ ಬರೀರಿ, ಸಾಕು” ಅಂದರು. ಹೋದ ಜೀವ ಬಂದಂತಾಯಿತು ನನಗೆ.

ಸಾಹೇಬರಿಗೆ ವರ್ಗವೂ ಆಯಿತು. ಮಾಡಿಸಿದ್ದು ಗಂಡೋ ಹೆಣ್ಣೋ ಅಂತ ಅವರೇನೂ ವಿಚಾರಿಸುತ್ತ ಕೂರಲಿಲ್ಲ.