ಮ್ಯಾನಿಫೋಲ್ಡಿಗೆ ನಾ ಅಂದ ಹೂಂ

ನಮ್ಮ ಮನಿಯವರು ಕಬ್ಬಿಣದ ಜೋಡಿ ಎಷ್ಟು ಮೆತ್ತಗ ಮಾತಾಡತಾರಂದ್ರ, ಮದಿವ್ಯಾದ ಹೊಸದರಾಗ ನನಗ ಹೊಟ್ಟಿಕಿಚ್ಚು ಬರತಿತ್ತು. ಖರೇನ ಹೇಳತೇನಿ. ಮ್ಯಾನಿಫೋಲ್ಡಿಗೆ "ಬಾರಪಾ, ಸ್ವಲ್ಪ ಈ ಕಡೆ ತಿರುಗು, ಹಾಂ, ಹಂಗ" ಅನ್ನೋರು. ನನಗ "ಏ, ಚಾ" ಅನ್ನೋರು, ಅಷ್ಟ.

ಬೆಂಗೇರ್ಯಾಗ ನಮ್ಮ ಮನಿ ಮುಂದಿನ ಶೆಡ್ಡಿನಾಗ ಇವರ ಕೆಲಸ. ಟರ್ಬೊ ಇರೋ ಕಾರಿನ ಎಂಜಿನ್ನಿಂದ ಸುಡೋ ಹೊಗಿ ಹೊರಗ ಬರಾಕ ಒಂದು ಎರಕದ ಕಬ್ಬಿಣದ ಕೊಳವಿ ಇರತೈತಿ, ಅದ ಮ್ಯಾನಿಫೋಲ್ಡ್. ನಾಕು ಬಾಯಿ, ನಾಕೂ ಕೂಡಿ ಒಂದು ಗಂಟಲು. ಗಂಟಲದ ತುದಿಗೆ ಟರ್ಬೊ ಅನ್ನೋ ಸಣ್ಣ ಫ್ಯಾನು. ಹೊಗಿ ಹೊಡತಕ್ಕ ಅದು ತಿರಗತೈತಿ, ಎಂಜಿನ್ನಿಗೆ ಗಾಳಿ ತುಂಬತೈತಿ, ಗಾಡಿ ಹಾರಿಕೊಂಡು ಹೋಗತೈತಿ. ಹೊಸಾ ಮ್ಯಾನಿಫೋಲ್ಡಿನ ಒಳಗ ಎರಕದ ಒರಟು ಇರತೈತ್ರಿ. ಅದನ್ನ ಸಣ್ಣ ಗ್ರೈಂಡರಿನಿಂದ ಉಜ್ಜಿ ನುಣ್ಣಗ ಮಾಡೂದಕ್ಕ ಪೋರ್ಟಿಂಗ್ ಅಂತಾರ. ಆಮ್ಯಾಲ ಸೆರಾಮಿಕ್ ಲೇಪ ಹೊಡದು, ಕಮರಿಪೇಟಿ ಬೇಕರಿಯವರೊಬ್ಬರು ಮಾರಿದ ಹಳೇ ಓವನ್ನಿನಾಗ ಇಟ್ಟು ಕಾಸತಾರ. ಲೇಪ ಇದ್ರ ಬಿಸಿ ಕೊಳವಿ ಒಳಗ ಉಳೀತೈತಿ, ಫ್ಯಾನು ಜೋರು ತಿರಗತೈತಿ. ಇದನ್ನೆಲ್ಲಾ ನಾ ಯಾವ ಸಾಲ್ಯಾಗೂ ಕಲತಿಲ್ಲ. ಊಟಕ್ಕ ಕುಂತಾಗ ನಮ್ಮ ಮನ್ಯಾಗ ಬ್ಯಾರೆ ಸುದ್ದಿನ ಇರಂಗಿಲ್ಲ.

ಮೂರು ವರ್ಷದ ಹಿಂದ ಇವರಿಗೆ ಒಂದು ಹೊಸಾ ಚಟಾ ಹತ್ತಿತು. ಪೋರ್ಟಿಂಗ್ ಮುಗಿಸಿದ ಮ್ಯಾನಿಫೋಲ್ಡ್ ಎತಗೊಂಡು ಸೀದಾ ಅಡಗಿ ಮನಿಗೆ ಬರೋರು. ನಾ ರೊಟ್ಟಿಗೆ ಹಿಟ್ಟು ನಾದಾಕತ್ತಿರತಿದ್ದೆ. "ಬಟ್ಟು ಹಾಕಿ ನೋಡ" ಅನ್ನೋರು. ನನ್ನ ಕೈ ಸಣ್ಣವು. ಬಳಿಗಾರ್ತಿ ನನ್ನ ಅಳತಿ ಕೇಳಿ, ಸಾಲಿ ಹುಡಿಗ್ಯಾರ ಬಳಿ ತಗೀಬೇಕಾತು ಅಂತ ನಗತಾಳ. ಬಟ್ಟೂ ಉದ್ದ, ಸಪೂರ. ಕೊಳವ್ಯಾಗ ತಿರುವು ಇರತೈತ್ರಿ. ತಿರುವಿನಾಚೆ ಕಣ್ಣು ಮುಟ್ಟಂಗಿಲ್ಲ, ಬಟ್ಟ ಮುಟ್ಟಬೇಕು.

ನಾ ಏನಂತ ತಿಳದಿದ್ದೆ ಹೇಳ್ರಿ? ತಮ್ಮ ಕೆಲಸ ತೋರಿಸಿ ಹೊಗಳಿಸ್ಕೊಳ್ಳಾಕ ಬರತಾರ ಅಂತ ತಿಳದಿದ್ದೆ. ಇಷ್ಟು ವರ್ಷ ಚಾ ಬಿಟ್ಟು ಬ್ಯಾರೆ ಕೇಳದ ಮನಿಶಾ, ವಯಸ್ಸಾದ ಮ್ಯಾಲ ಹೆಂಡತಿ ಕಡೆ ಶಾಬಾಸ್ಕಿ ಕೇಳಾಕ ಬರತಾನಲ್ಲಾ ಅಂತ ನನಗ ಒಳಗೊಳಗ ಭಾಳ ಖುಷಿ. ಬಾಯಿಲೆ ಮಾತ್ರ "ಹೆತ್ತವರಿಗೆ ಹೆಗ್ಗಣ ಮುದ್ದು, ಹೋಗ್ರಿ ಅತ್ಲಾಗ" ಅಂತ ಕಾಡಸತಿದ್ದೆ. ಹಿಟ್ಟು ಹತ್ತಿದ ಕೈ ಸೀರಿಗೆ ಒರಸಿ, ಒಂದೀಟು ಬಟ್ಟು ಹಾಕಿದಂಗ ಮಾಡಿ, "ಹೂಂ, ಬೆಣ್ಣಿ ಆಗೇತ್ರಿ, ಬೆಣ್ಣಿ" ಅಂದು ಕಳಸತಿದ್ದೆ. ಒಂದು ದಿನಾನೂ ಇಲ್ಲ ಅನ್ನಲಿಲ್ಲ. ಗಂಡ ಬೆವರು ಸುರಿಸಿ ಮಾಡಿದ್ದನ್ನ ಇಲ್ಲ ಅಂತ ಯಾಕ ಅನ್ನಲಿ?

ಹ್ವಾದ ವರ್ಷ ಒಂದಿನ ಮುಂಜಾನಿ ಗೋಕುಲ ರಸ್ತೆ ಕಡೆಯ ಒಬ್ಬ ಗಿರಾಕಿ ಬಂದ. ಕಾರಿನ ಹುಚ್ಚು ಇದ್ದ ಛಲೋ ಹುಡುಗ, ನಮಗ ಕಾಕಾ, ಕಾಕೂ ಅಂತಾನ. ಅವತ್ತು ಮಾರಿ ಸಣ್ಣದಾಗಿತ್ತು. ಒಂದು ಕೈಯಾಗ ನಮ್ಮವರು ಮಾಡಿಕೊಟ್ಟ ಮ್ಯಾನಿಫೋಲ್ಡ್, ಇನ್ನೊಂದರಾಗ ಅವನ ಟರ್ಬೊ. ಟರ್ಬೊದ ಫ್ಯಾನಿನ ರೆಕ್ಕಿ ಇಲಿ ಕಡದಂಗ ಆಗಿದ್ವು.

"ಕಾಕಾ, ಮ್ಯಾನಿಫೋಲ್ಡ್ ಒಳಗ ಎರಕದ ಗಂಟೊಂದು ಉಳದಿತ್ತು ಕಾಣತೈತಿ. ಕಾದು ಕಾದು ಮುರದು, ಹಾರಿ ಹೋಗಿ ಫ್ಯಾನಿಗೆ ಬಡದೈತಿ. ಮುರದ ಜಾಗಾ ಇನ್ನೂ ಚುಚ್ಚತೈತಂತ ನಮ್ಮ ಮೆಕ್ಯಾನಿಕ್ ಅಂದ, ಎರಡನೇ ಬಾಯಾಗ ಬಟ್ಟು ಹಾಕಿ ನೋಡ್ರಿ."

ಇವರು ಬಟ್ಟು ಹಾಕಿದ್ರು. ಆ ಕಡೆ ಈ ಕಡೆ ಆಡಿಸಿದ್ರು. "ಹೌದಪಾ, ಐತಿ" ಅಂದ್ರು. ಹೊರಗ ತಗದಾಗ ಬಟ್ಟಿನ ತುದಿಯಿಂದ ರಕ್ತ ತೊಟ್ಟಿಕ್ಕಾಕತ್ತಿತ್ತು. ಇವರು ಆ ಕೈಲೇ ತಲಿ ಕೆರಕೊಂಡ್ರು! "ಕಾಕಾ, ರಕ್ತಾರಿ" ಅಂತ ಹುಡುಗ ಅಂದ ಮ್ಯಾಲ ನೋಡಿಕೊಂಡ್ರು. ನಾ ಚಾ ಹಿಡಕೊಂಡು ಬಾಗಿಲದಾಗ ನಿಂತಿದ್ದೆ. ಕೊಯ್ದದ್ದು ಅವರಿಗೆ ಗೊತ್ತ ಆಗಿದ್ದಿಲ್ಲ.

ಹುಡುಗಗ "ಟರ್ಬೊ ನಾ ರಿಪೇರಿ ಮಾಡಿಸಿಕೊಡತೇನಿ, ಬ್ಯಾರೆ ಮ್ಯಾನಿಫೋಲ್ಡ್ ತಂದು ಕೊಡು, ಹೊಸದಾಗಿ ಮಾಡತೇನಿ" ಅಂತ ಹೇಳಿ ಕಳಿಸಿದ್ರು. ಅವ ಗೇಟು ದಾಟಿದ್ದ ತಡ, ನಾ ಶುರು ಹಚ್ಚಿದೆ. ನನ್ನ ಬಾಯಿ ನಿಮಗ ಗೊತ್ತಿಲ್ಲ.

"ಏನ್ರಿ ಇದು? ಇಷ್ಟು ದೊಡ್ಡ ಗಂಟು ಉಳಿಯೂ ತನಕ ಕಣ್ಣು ಎಲ್ಲಿಟ್ಟಿದ್ರಿ? ಕೊಡೋ ಮುಂದ ಒಮ್ಮೆರೆ ನೋಡಬಾರದಾಗಿತ್ತಾ?"

ಅವರು ನನ್ನ ಮಾರಿ ನೋಡಿದ್ರು. ಸಿಟ್ಟಿಲ್ಲ, ಏನಿಲ್ಲ. "ನಿನಗ ತೋರಿಸಿದ್ನಲ್ಲ" ಅಂದ್ರು. "ನೀ ಬೆಣ್ಣಿ ಆಗೇತಿ ಅಂದಿ."

ಅಯ್ಯ ಶಿವನ! ಆವಾಗ ಅವರು ಎಲ್ಲಾ ಹೇಳಿದ್ರು. ಮೂವತ್ತು ವರ್ಷ ಗ್ರೈಂಡರ್ ಹಿಡದು, ಅದರ ನಡುಕಕ್ಕ ಬಟ್ಟಿನ ತುದಿ ಜೋಮು ಹಿಡದಾವ. ಮದಲ ಚಳಿಗಾಲದಾಗ ಅಷ್ಟ ಆಗತಿತ್ತಂತ, ಈಗ ಯಾವಾಗಲೂ. ಒರಟು ಯಾವುದು ನುಣ್ಣಗ ಯಾವುದು ತಿಳಿವಲ್ದು. ಯಾರಿಗೂ ಹೇಳಿದ್ದಿಲ್ಲ. ಎರಡು ವರ್ಷದಿಂದ ನನ್ನ ಬಟ್ಟಿನ ಮ್ಯಾಲ ಕೆಲಸ ನಡಸ್ಯಾರ. ನಾ ಶಾಬಾಸ್ಕಿ ಕೊಟ್ಟೆ ಅಂತ ತಿಳದಿದ್ದೆ. ಅವರು ಅದನ್ನ ತಪಾಸಣಿ ಅಂತ ತಿಳದಿದ್ರು.

ಆ ಮ್ಯಾನಿಫೋಲ್ಡಿಗೆ ನಾ ಬಟ್ಟು ಪೂರಾ ಹಾಕಿದ್ನೋ ಇಲ್ಲೋ ಅಂತ ಎಷ್ಟು ನೆನಸಿದ್ರೂ ನನಗ ನೆನಪಾಗಲಿಲ್ಲ. ಹಂಚಿನ ಮ್ಯಾಲ ರೊಟ್ಟಿ ಇದ್ದದ್ದಷ್ಟ ನೆನಪಾತು. ಜ್ವಾಳದ ಹಿಟ್ಟಿನಾಗ ಒಂದು ಹಳ್ಳು ಇದ್ರ ಕಣ್ಣು ಮುಚ್ಚಿ ಆರಿಸಿ ತಗೀತೇನಿ ಈ ಬಟ್ಟಿಲೆ. ಆದ್ರ ಗಂಡನ ಕೆಲಸಕ್ಕ ಬಟ್ಟು ಹಾಕಿದಂಗ ಮಾಡಿದ್ದೆ.

ಡಾಕ್ಟರ್ ಕಡೆ ಕರಕೊಂಡು ಹ್ವಾದೆ. ಜೋಮು ಪೂರಾ ಹೋಗೂದು ಕಠಿಣ ಐತಿ, ಮಷಿನ್ ಹಿಡಿಯೂದು ಕಡಿಮಿ ಮಾಡ್ರಿ ಅಂದ್ರು. ಮನಿಗೆ ಬಂದು ಇವರು "ಆ ಹುಡುಗನ ಕೆಲಸ ಒಂದು ಮಾಡಿಕೊಟ್ಟು ಪೋರ್ಟಿಂಗ್ ಬಿಡತೇನಿ. ಲೇಪ ಹೊಡಕೊಂಡು ಇದ್ದರಾತು" ಅಂದ್ರು. ಅಂದು, ಊಟಕ್ಕ ಕುಂತ್ರು. ಆ ಊಟದಾಗ ಮ್ಯಾನಿಫೋಲ್ಡಿನ ಸುದ್ದಿನ ಬರಲಿಲ್ಲ. ಯಾವ ಸುದ್ದಿಗೆ ಇಷ್ಟು ವರ್ಷ ಬ್ಯಾಸತ್ತಿದ್ನೋ, ಅದು ಬರಲಿಲ್ಲಂತ ನನಗ ಅನ್ನ ಇಳಿಯಲಿಲ್ಲ.

"ಬಿಡೂದು ಯಾಕ? ಇನ್ನ ಮ್ಯಾಲ ನಾ ಸರಿಯಾಗಿ ನೋಡತೇನಿ" ಅಂದೆ.

"ನೀ ಹೂಂ ಅಂತಿ. ನಿನ್ನ ಬಾಯಾಗ ಬ್ಯಾರೆ ಬರಂಗಿಲ್ಲ."

ಹೊಡದಿದ್ರ ಛಲೋ ಇತ್ತು.

ಒಂದು ತಿಂಗಳಿಗೆ ಹುಡುಗನ ಹೊಸಾ ಮ್ಯಾನಿಫೋಲ್ಡಿನ ಕೆಲಸ ಮುಗೀತು. ಲೇಪ ಹೊಡಿಯೂದಕ್ಕ ಮದಲ, ಒಳಗ ತಾನೂ ಒಮ್ಮೆ ನೋಡತೇನಿ ಅಂತ ಅವ ಬಂದು ನಿಂತ. ಅವನ ಬಟ್ಟು ದಪ್ಪ, ತಿರುವಿನ ತನಕ ಹೋಗಿ ನಿಂತುಬಿಟ್ಟಿತು. "ಈ ಸಲ ಬರೋಬರಿ ಐತೇನ್ರಿ ಕಾಕಾ?" ಅಂದ.

ಇವರು ಬಾಗಿಲದಾಗ ನಿಂತ ನನ್ನ ಕಡೆ ಮ್ಯಾನಿಫೋಲ್ಡ್ ಚಾಚಿದ್ರು. "ಇಕಿನ್ನ ಕೇಳು" ಅಂದ್ರು.

ಕೈ ತೊಳದು ಬಂದೆ. ಬಳಿ ಮ್ಯಾಲಕ್ಕ ಸರಿಸಿಕೊಂಡು, ಕಣ್ಣು ಮುಚ್ಚಿ ಬಟ್ಟು ಹಾಕಿದೆ. ಮದಲನೇ ಬಾಯಿ ಛಲೋ ಇತ್ತು. ಎರಡನೇದೂ ಛಲೋ ಇತ್ತು. ಮೂರನೇದರಾಗ ತಿರುವಿನಾಚೆ ಬಟ್ಟಿಗೆ ಏನೋ ಹತ್ತಿತು, ಜ್ವಾಳದ ನುಚ್ಚಿನಷ್ಟು. ಬಿಟ್ಟು ಮತ್ತ ಸವರಿದೆ. ಇತ್ತು.

ಕಣ್ಣು ತಗದೆ. ಇವರು ನನ್ನ ಕೈ ನೋಡಾಕತ್ತಿರಲಿಲ್ಲ, ಮಾರಿ ನೋಡಾಕತ್ತಿದ್ರು. ಗಿರಾಕಿ ಮುಂದ ಗಂಡನ ಮರ್ಯಾದಿ ಕಳೀಲಿ ಹ್ಯಾಂಗ? ಹೂಂ ಅನ್ನೂದು ನಾಲಿಗಿ ತುದಿಗೆ ಬಂದಿತ್ತು, ಅದಕ್ಕ ತಾನ ಬರೂದ ರೂಢಿ.

"ಇಲ್ರಿ," ಅಂದೆ. "ಇನ್ನೂ ಆಗಿಲ್ಲ. ಮೂರನೇದರಾಗ ಒಂದು ಗಂಟು ಐತಿ."

ಅವರ ಮಾರಿ ಒಂದು ಕ್ಷಣ ಬಾಡಿತು, ಸುಳ್ಳ ಯಾಕ ಹೇಳಲಿ. ಆಮ್ಯಾಲ ಬಟ್ಟು ಮುಂದ ಮಾಡಿದ್ರು. "ಎಲ್ಲೆ? ತೋರಸ." ನಾ ಅವರ ಮುಂಗೈ ಹಿಡದು ಬಟ್ಟು ಒಳಗ ಒಯ್ದು, ಗಂಟಿನ ಮ್ಯಾಲ ಇಟ್ಟೆ.

"ತಿಳೀತೇನ್ರಿ?"

"ಇಲ್ಲ" ಅಂದ್ರು. ಮೆಲ್ಲಕ ಅಲ್ಲ, ಹುಡುಗಗ ಕೇಳೂವಂಗ ಅಂದ್ರು. "ನನಗ ಬಟ್ಟಿನಾಗ ಏನೂ ತಿಳಿಯಂಗಿಲ್ಲಪಾ. ಆದ್ರ ಇಕಿ ಐತಿ ಅಂದ್ರ ಐತಿ. ನೀ ನಾಡದು ಬಾ."

ಅಂದು, ಗ್ರೈಂಡರಿನ ವಾಯರ್ ಹಚ್ಚಿ, "ಬಾ, ನನ್ನ ಮುಂಗೈ ಹಿಡಿ, ಎಷ್ಟು ಒಳಗ ಅನ್ನೂದು ಹೇಳು" ಅಂತ ನನ್ನ ಕರದ್ರು. ನನಗ ತಡಕೊಳ್ಳಾಕ ಆಗಲಿಲ್ಲ. ಗಿರಾಕಿ ಮುಂದನ ಅತ್ತುಬಿಟ್ಟೆ.